ದಾರ, ನಟ್ಟು, ಸ್ಟಾಪ್‌ವಾಚ್: ಎಂಟನೇ ತರಗತಿಗೆ ವೈಜ್ಞಾನಿಕ ವಿಧಾನ

ವೀಕ್ಷಣೆ, ಪ್ರಾಕಲ್ಪನೆ (ಪರೀಕ್ಷಿಸಬಹುದಾದ ಊಹೆ), ಪ್ರಯೋಗ, ತೀರ್ಮಾನ ಎಂದು ಬಾಯಿಪಾಠ ಮಾಡಿಸಿದರೆ ಪರೀಕ್ಷೆಯಲ್ಲಿ ಅಂಕ ಬರುತ್ತದೆ, ವಿಧಾನ ಕೈಗೆ ಬರುವುದಿಲ್ಲ. ಅದಕ್ಕೇ ನಾನು ಎಂಟನೇ ತರಗತಿಗೆ ಸರಳ ಲೋಲಕವನ್ನು, ಅಂದರೆ ದಾರದ ತುದಿಗೆ ಕಟ್ಟಿ ತೂಗುಬಿಟ್ಟ ಭಾರವನ್ನು, ಹಿಡಿಯುತ್ತೇನೆ. ಖರ್ಚು ಕಡಿಮೆ, ಒಂದು ಪಿರಿಯಡ್‌ನಲ್ಲಿ ಹತ್ತಾರು ಅಳತೆ ಸಿಗುತ್ತದೆ, ಮತ್ತು ಮಕ್ಕಳ ಊಹೆ ಬಹುಪಾಲು ತಪ್ಪಾಗುತ್ತದೆ. ಕಾಳು ಮೊಳೆಸುವ ಪ್ರಯೋಗದಲ್ಲಿ ಉತ್ತರ ಎಲ್ಲರಿಗೂ ಮೊದಲೇ ಗೊತ್ತು. ಹಾಗಾಗಿ ಗಿಡ ನೋಡದೆಯೇ ಫಲಿತಾಂಶ ಬರೆದುಬಿಡುತ್ತಾರೆ.

ಒಂದು ಗುಂಪಿಗೆ ಬೇಕಾಗುವುದಿಷ್ಟು: ಒಂದೂವರೆ ಮೀಟರ್ ಗಾಳದ ನೈಲಾನ್ ದಾರ, 12 ಮಿ.ಮೀ. ಬೋಲ್ಟಿನ ನಾಲ್ಕು ನಟ್ಟು, ಒಂದು ಪೇಪರ್ ಕ್ಲಿಪ್, ಎರಡು ಮರದ ಸ್ಕೇಲು, ಒಂದು ಇಟ್ಟಿಗೆ, ಅಳತೆ ಟೇಪು, ಮೊಬೈಲಿನ ಸ್ಟಾಪ್‌ವಾಚ್. ಹೊಲಿಗೆಯ ಹತ್ತಿ ದಾರ ಬೇಡ. ಭಾರ ಬಿದ್ದಾಗ ಹಿಗ್ಗುತ್ತದೆ, ಹುರಿ ಬಿಚ್ಚಿ ನಟ್ಟನ್ನು ಗಿರಗಿರನೆ ತಿರುಗಿಸುತ್ತದೆ. ದಾರವನ್ನು ಮೊಳೆಗೆ ಕುಣಿಕೆ ಹಾಕಿ ನೇತುಹಾಕುವುದೂ ಬೇಡ, ತೂಗುವಾಗ ಕುಣಿಕೆ ಜಾರಿ ಉದ್ದ ಬದಲಾಗುತ್ತದೆ. ಮೇಜಿನ ಅಂಚಿನಿಂದ ಎರಡು ಸ್ಕೇಲನ್ನು ಸ್ವಲ್ಪ ಹೊರಚಾಚಿ, ನಡುವೆ ದಾರ ಸಿಕ್ಕಿಸಿ, ಮೇಲೆ ಇಟ್ಟಿಗೆ ಹೇರಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಒಂದು ಮೀಟರ್ ಉದ್ದಕ್ಕೆ ಮೇಜಿನ ಎತ್ತರ ಸಾಲದು, ಮೇಜಿನ ಮೇಲೊಂದು ಬೆಂಚು ಏರಿಸಬೇಕು.

ಲೋಲಕ ತೂಗುವ ಮೊದಲು ಊಹೆಯನ್ನು ಪೆನ್ನಿನಲ್ಲಿ ಬರೆಸುತ್ತೇನೆ, ಪೆನ್ಸಿಲ್ ಮುಟ್ಟಲು ಬಿಡುವುದಿಲ್ಲ. "ಭಾರ ಹೆಚ್ಚಾದರೆ ಬದಲಾಗಬಹುದು" ಎಂಬುದು ಊಹೆಯಲ್ಲ, ಏನು ಬಂದರೂ ಅದು ಸರಿಯಾಗಿಬಿಡುತ್ತದೆ. "ನಟ್ಟು ನಾಲ್ಕಾದರೆ 20 ಆಂದೋಲನಕ್ಕೆ ಈಗಿನದಕ್ಕಿಂತ ಕಡಿಮೆ ಸೆಕೆಂಡು ಸಾಕು" ಎಂದು ಬರೆದರೆ ಅದು ಸುಳ್ಳಾಗಬಲ್ಲದು. ಅಂಥದ್ದೇ ಬೇಕು.

ಎಣಿಕೆಯಲ್ಲಿ ಆಗುವ ತಪ್ಪುಗಳು ಹೆಚ್ಚೂಕಡಿಮೆ ಪ್ರತಿ ತರಗತಿಯಲ್ಲೂ ಅವೇ. ಒಂದು ಆಂದೋಲನ ಎಂದರೆ ಹೋಗಿ ಬರುವುದು. ಲೋಲಕ ಸುಮ್ಮನಿದ್ದಾಗ ಅದರ ಹಿಂದಿನ ಹಲಗೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ನಟ್ಟು ಒಂದೇ ದಿಕ್ಕಿನಲ್ಲಿ ಆ ಗೆರೆ ದಾಟಿದಾಗ ಎಣಿಸಬೇಕು. ತುದಿಯಲ್ಲಿ ಎಣಿಸಿದರೆ ನಟ್ಟು ಅಲ್ಲಿ ನಿಧಾನವಾಗುವುದರಿಂದ ಕ್ಷಣ ಸರಿಯಾಗಿ ಸಿಕ್ಕುವುದಿಲ್ಲ. ವಾಚ್ ಒತ್ತುವಾಗ ಬಾಯಲ್ಲಿ "ಸೊನ್ನೆ" ಎನ್ನಬೇಕು. "ಒಂದು" ಎಂದರೆ ಅಳೆದದ್ದು 19 ಆಂದೋಲನ. 50 ಸೆಂ.ಮೀ. ಲೋಲಕಕ್ಕೆ 20 ಆಂದೋಲನದ ಸಮಯ ಸುಮಾರು 28.4 ಸೆಕೆಂಡು. ಯಾವುದಾದರೂ ಗುಂಪು 27.0 ತಂದರೆ ಕಾರಣ ಇದೇ ಎಂದು ತಕ್ಷಣ ತಿಳಿಯುತ್ತದೆ.

ಇಪ್ಪತ್ತು ಏಕೆ? ಬೆರಳು ಒತ್ತುವುದರಲ್ಲಿ 0.2 ಸೆಕೆಂಡು ಆಚೀಚೆ ಆಗುತ್ತದೆ ಎನ್ನೋಣ. ಒಂದೇ ಆಂದೋಲನ ಅಳೆದರೆ 1.4ರಲ್ಲಿ 0.2, ಅಂದರೆ ಶೇ. 14 ತಪ್ಪು. ಇಪ್ಪತ್ತು ಅಳೆದರೆ ಅದೇ ತಪ್ಪು ಶೇ. 1ಕ್ಕಿಂತ ಕಡಿಮೆ. ಪ್ರತಿ ಅಳತೆಯನ್ನೂ ಮೂರು ಸಲ ಮಾಡಿಸುತ್ತೇನೆ. ಸರಾಸರಿ ತೆಗೆಯುವ ಮೊದಲು ಮೂರೂ ಎಷ್ಟು ಹರಡಿವೆ ಎಂದು ನೋಡಿಸುತ್ತೇನೆ. 28.3, 28.5, 28.4 ಬಂದಿದ್ದರೆ, ಮುಂದೆ 28.6 ಬಂದಾಗ "ಹೆಚ್ಚಾಯಿತು" ಎಂದು ಹೇಳುವ ಹಕ್ಕು ಅವರಿಗಿಲ್ಲ.

ಇಡೀ ಪಾಠದ ತಿರುಳು ಇರುವುದು ಭಾರದ ಪ್ರಯೋಗದಲ್ಲಿ. ಉಪಾಯ ಹೇಳಿಕೊಡದೆ ಬಿಟ್ಟರೆ ಮಕ್ಕಳು ನಟ್ಟುಗಳನ್ನು ಒಂದರ ಕೆಳಗೊಂದು ಸರಪಳಿಯಂತೆ ಕಟ್ಟುತ್ತಾರೆ. ಬಿಡಬೇಕು. ನಾಲ್ಕು ನಟ್ಟಿಗೆ ಸುಮಾರು 29.2 ಸೆಕೆಂಡು ಬರುತ್ತದೆ, ಮೂರು ಸಲ ಮಾಡಿದರೂ ಅಷ್ಟೇ. "ಭಾರ ಹೆಚ್ಚಾದರೆ ನಿಧಾನ" ಎಂದು ತೀರ್ಮಾನ ಬರೆಯಲು ಹೊರಡುತ್ತಾರೆ. ಎಣಿಕೆ ಸರಿ, ವಾಚ್ ಸರಿ, ತೀರ್ಮಾನ ಮಾತ್ರ ತಪ್ಪು. ಭಾರದ ಜೊತೆಗೆ ಇನ್ನೊಂದು ಸಂಗತಿಯೂ ಬದಲಾಗಿತ್ತು: ಗುರುತ್ವ ಕೇಂದ್ರ, ಅಂದರೆ ಒಟ್ಟು ಭಾರದ ನಡುಬಿಂದು, ಸುಮಾರು 3 ಸೆಂ.ಮೀ. ಕೆಳಗಿಳಿದು ಅಲ್ಲಿಯವರೆಗಿನ ಲೋಲಕದ ಉದ್ದವೇ 50ರಿಂದ 53 ಸೆಂ.ಮೀ. ಆಗಿತ್ತು. "ಭಾರ ಬಿಟ್ಟು ಇನ್ನೇನು ಬದಲಾಯಿತು?" ಎಂಬ ಒಂದೇ ಪ್ರಶ್ನೆ ಕೇಳಿ ನಾನು ಸುಮ್ಮನಾಗುತ್ತೇನೆ. ಟೇಪು ಹಿಡಿದು ಅವರೇ ಕಂಡುಕೊಳ್ಳಲಿ, ಹತ್ತು ನಿಮಿಷ ಹೋದರೂ ಸರಿ. ಆಮೇಲೆ ಪೇಪರ್ ಕ್ಲಿಪ್ಪನ್ನು ಕೊಕ್ಕೆಯಾಗಿ ಬಗ್ಗಿಸಿ, ನಾಲ್ಕೂ ನಟ್ಟನ್ನು ಅದಕ್ಕೇ ಅಕ್ಕಪಕ್ಕ ಸಿಕ್ಕಿಸಿದರೆ ಸಮಯ ಮತ್ತೆ 28.4ರ ಆಸುಪಾಸಿಗೆ ಬರುತ್ತದೆ.

ನಟ್ಟನ್ನು ಎಷ್ಟು ವಾರೆಗೆ ಎಳೆದು ಬಿಡಬೇಕು ಎಂಬ ವಿಷಯಕ್ಕೆ ಹೆಚ್ಚು ಹೊತ್ತು ಬೇಡ. ಎಲ್ಲ ಪ್ರಯೋಗದಲ್ಲೂ 50 ಸೆಂ.ಮೀ. ದಾರಕ್ಕೆ 10 ಸೆಂ.ಮೀ.ಗಿಂತ ಹೆಚ್ಚು ಎಳೆಯಬಾರದು. ಅಷ್ಟಕ್ಕೆ ಸಮಯದಲ್ಲಿ ವ್ಯತ್ಯಾಸ ಶೇ. 0.25 ಮಾತ್ರ, 60 ಡಿಗ್ರಿಯಿಂದ ಬಿಟ್ಟರೆ ಶೇ. 7 ದಾಟುತ್ತದೆ. ತಳ್ಳದೆ ಸುಮ್ಮನೆ ಬಿಡಬೇಕು.

ವಿಚಿತ್ರವಾದ ಅಂಕಿ ಬಂದರೆ ಅಳಿಸುವಂತಿಲ್ಲ. ಒಂದು ಗೆರೆ ಎಳೆದು ಪಕ್ಕದಲ್ಲಿ ಕಾರಣ ಬರೆಯಬೇಕು, ಕಾರಣ ಗೊತ್ತಿಲ್ಲದಿದ್ದರೆ ಗೆರೆಯೂ ಇಲ್ಲ. ಇಲ್ಲಿ ನಾನು ಝಾನ್ ರಿಷೆಯ ಉದಾಹರಣೆ ಕೊಡುತ್ತೇನೆ. 1672ರಲ್ಲಿ ಪ್ಯಾರಿಸ್‌ನಿಂದ ದಕ್ಷಿಣ ಅಮೆರಿಕದ ಕಯೆನ್‌ಗೆ ಹೋದ ಈ ಖಗೋಳಜ್ಞನ ಲೋಲಕ ಗಡಿಯಾರ ಅಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳುತ್ತಿತ್ತು. ಗಡಿಯಾರ ಕೆಟ್ಟಿದೆ ಎಂದು ಆತ ಕೈಬಿಡಲಿಲ್ಲ, ಅಳೆದು ದಾಖಲಿಸಿದ. ಸಮಭಾಜಕದ ಬಳಿ ಗುರುತ್ವ ಕಡಿಮೆ, ಭೂಮಿ ಅಲ್ಲಿ ಉಬ್ಬಿದೆ ಎಂಬ ವಾದಕ್ಕೆ ನ್ಯೂಟನ್ ಆ ಅಂಕಿಯನ್ನು ಆಧಾರ ಮಾಡಿಕೊಂಡ.

ಎರಡನೇ ಪಿರಿಯಡ್ ಪೂರ್ತಿ ಉದ್ದಕ್ಕೆ. ಸ್ಕೇಲಿನ ಕೆಳಅಂಚಿನಿಂದ ನಟ್ಟಿನ ನಡುವಿನವರೆಗೆ 25, 50, 75, 100 ಸೆಂ.ಮೀ. ಇಟ್ಟರೆ 20 ಆಂದೋಲನಕ್ಕೆ ಸುಮಾರು 20.1, 28.4, 34.8, 40.2 ಸೆಕೆಂಡು ಬರುತ್ತದೆ. ಉದ್ದ ನಾಲ್ಕರಷ್ಟಾದರೂ ಸಮಯ ಎರಡರಷ್ಟೇ! ಸಮಯದ ವರ್ಗ ಮಾಡಿಸಿದರೆ 404, 807, 1211, 1616, ಅಂದರೆ ಹೆಚ್ಚೂಕಡಿಮೆ 404ರ ಮಗ್ಗಿ. ಸೂತ್ರವನ್ನು ನಾನು ಬೋರ್ಡಿನ ಮೇಲೆ ಬರೆಯುವುದಿಲ್ಲ. ಇದುವರೆಗೆ ತೂಗದ 64 ಸೆಂ.ಮೀ. ಕೊಟ್ಟು, ಅಳೆಯುವ ಮೊದಲೇ ಈ ಮಗ್ಗಿಯಿಂದ ಉತ್ತರ ಲೆಕ್ಕ ಹಾಕಿಸುತ್ತೇನೆ. 404ನ್ನು 64ರಿಂದ ಗುಣಿಸಿ, 25ರಿಂದ ಭಾಗಿಸಿ, ವರ್ಗಮೂಲ ತೆಗೆದರೆ 32.2. ಆಮೇಲೆ ತೂಗಿಸುತ್ತಾರೆ. 32.0ರಿಂದ 32.4ರೊಳಗೆ ಬಂದರೆ ಅವರ ನಿಯಮ ಸದ್ಯಕ್ಕೆ ನಿಂತಿತು. 32.7 ಬಂದ ಗುಂಪು ಉದ್ದವನ್ನು ನಟ್ಟಿನ ನಡುವಿಗೆ ಅಳೆಯದೆ ಮೇಲಿನ ಗಂಟಿಗೆ ಅಳೆದಿರುತ್ತದೆ, ಎರಡು ಸೆಂ.ಮೀ. ತಪ್ಪಿದರೆ ಅರ್ಧ ಸೆಕೆಂಡು ಹೆಚ್ಚಾಗುತ್ತದೆ. ಆ ಗುಂಪಿಗೆ ಟೇಪು ಕೊಟ್ಟು ಮತ್ತೆ ಅಳೆಸುವುದು.