ಆರು ಗ್ರಾಂ ಕೆಂಪು ಬಣ್ಣ

ನನ್ನ ಮೊದಲ ಬೂಸ್ಟ್ ಗ್ಲೈಡರ್, ಅಂದರೆ ರಾಕೆಟ್‌ನಂತೆ ಏರಿ ವಿಮಾನದಂತೆ ತೇಲಿ ಇಳಿಯುವ ಮಾದರಿ, ಬಣ್ಣ ಬಳಿಯುವ ಮೊದಲು 14 ಗ್ರಾಂ ತೂಗುತ್ತಿತ್ತು. ಬಣ್ಣ ಒಣಗಿದ ಮೇಲೆ 20 ಗ್ರಾಂ. ಎರಡು ಕೋಟು ಸೀಲರ್, ಅದರ ಮೇಲೆ ಬಿಳಿ ಪ್ರೈಮರ್, ಅದರ ಮೇಲೆ ಕನ್ನಡಿಯಂತೆ ಹೊಳೆಯುವ ಕೆಂಪು. ಮೇಜಿನ ಮೇಲಿಟ್ಟರೆ ಕಣ್ಣು ಕೀಳಲಾಗುತ್ತಿರಲಿಲ್ಲ. ಮೈದಾನದಲ್ಲಿ ಮೇಲಕ್ಕೇನೋ ಸೊಗಸಾಗಿಯೇ ಏರಿತು. ಇಳಿಯುವಾಗ ಮಾತ್ರ ತೇಲಿತು ಎನ್ನಲು ನಾಲಿಗೆ ಏಳುವುದಿಲ್ಲ, ಬಿದ್ದಿತು ಎನ್ನಬೇಕು. ಮೋಟಾರಿನ ಪಾಡ್ ಕಳಚಿದ ಕ್ಷಣದಿಂದ ನೆಲ ಮುಟ್ಟುವವರೆಗೆ 19 ಸೆಕೆಂಡು. ತೂಕ ನೋಡಿ ಬರೆದಿಡುವ ಅಭ್ಯಾಸ ಆಗಲೇ ಇತ್ತು, ಆ ಅಂಕಿಗಳ ಅರ್ಥ ಮಾತ್ರ ಗೊತ್ತಿರಲಿಲ್ಲ.

ಅದಕ್ಕೂ ಮುಂಚೆ ನಾನು ಸಾಧಾರಣ ಮಾದರಿ ರಾಕೆಟ್‌ಗಳನ್ನೇ ಕಟ್ಟಿದ್ದವನು. ಅವುಗಳ ಮೈ ನುಣುಪಾದಷ್ಟೂ ಎತ್ತರ ಹೆಚ್ಚು. ಬರುವಾಗ ಹೇಗೂ ಪ್ಯಾರಾಚೂಟ್ ಇದೆ. ಬೂಸ್ಟ್ ಗ್ಲೈಡರ್ ಹಾಗಲ್ಲ. ಮೂಗಿನ ಮೇಲೆ ಕುಳಿತ ಪಾಡ್, ಅಂದರೆ ಮೋಟಾರನ್ನು ಹೊತ್ತ ಚಿಕ್ಕ ಕೊಳವೆ, ಗ್ಲೈಡರನ್ನು ನೆಟ್ಟಗೆ ಎಳೆದೊಯ್ದು, ಮೇಲೆ ಕಳಚಿಕೊಂಡು ತನ್ನ ಸ್ಟ್ರೀಮರ್ ಎಂಬ ಉದ್ದನೆಯ ಪಟ್ಟಿಯನ್ನು ಬಿಚ್ಚಿ ಬೇರೆಯಾಗಿ ಇಳಿಯುತ್ತದೆ. ಉಳಿದದ್ದು ಬರೀ ಮರದ ಹಕ್ಕಿ. ಕೆಲವೇ ಸೆಕೆಂಡು ರಾಕೆಟ್, ಆಮೇಲೆ ನಿಮಿಷಗಟ್ಟಲೆ ವಿಮಾನ. ನಾನು ಆ ಕೆಲವು ಸೆಕೆಂಡುಗಳಿಗಾಗಿ ಬಣ್ಣ ಬಳಿದಿದ್ದೆ.

ಎರಡನೆಯದಕ್ಕೆ ಮರವನ್ನು ಆರಿಸುವುದರಿಂದಲೇ ಶುರು ಮಾಡಿದೆ. 2.5 ಮಿಲಿಮೀಟರ್ ದಪ್ಪದ ಬಾಲ್ಸಾ ಹಲಗೆಗಳು ಅಳತೆಯಲ್ಲಿ ಒಂದೇ ಆದರೂ ಒಂದು ಇನ್ನೊಂದರ ಎರಡರಷ್ಟು ತೂಗಬಲ್ಲದು. ಹಗುರವಾದವುಗಳಲ್ಲೂ ಮೈಮೇಲೆ ಮೀನಿನ ಹುರುಪೆಯಂಥ ಮಿನುಗುವ ಚುಕ್ಕಿಗಳಿರುವ ಹಲಗೆಯನ್ನು ಹುಡುಕಿದೆ. ಹಾಗೆ ಸೀಳಿದ ಬಾಲ್ಸಾ ಅಗಲದ ದಿಕ್ಕಿನಲ್ಲಿ ಬಿಗಿಯಾಗಿರುತ್ತದೆ, ಸುಲಭವಾಗಿ ಡೊಂಕಾಗುವುದಿಲ್ಲ. ರೆಕ್ಕೆಗೆ ಬೇಕಾದದ್ದು ಅದೇ. ಕೊಳವೆಯ ಸುತ್ತ ಬಾಗಿಸಬೇಕಾದಲ್ಲಿ ಇದು ಸೀಳಿಹೋಗುತ್ತದೆ, ಆದರೆ ನಮ್ಮಲ್ಲಿ ಅಂಥದ್ದೇನೂ ಇಲ್ಲ.

ಉಜ್ಜುವ ಕೆಲಸಕ್ಕೆ ಎರಡು ಸಂಜೆಗಳು ಹೋದವು, ಮತ್ತು ಇಡೀ ಗ್ಲೈಡರಿನಲ್ಲಿ ನನಗೆ ಅತ್ಯಂತ ಇಷ್ಟವಾದ ಕೆಲಸವೂ ಅದೇ. ರೆಕ್ಕೆಯ ತಳ ಚಪ್ಪಟೆಯಾಗಿಯೇ ಉಳಿಯಬೇಕು. ಮೇಲ್ಮೈಯಲ್ಲಿ ಮುಂಗಡೆಯಿಂದ ಅಗಲದ ಮೂರನೇ ಒಂದು ಭಾಗದ ಹತ್ತಿರ ಪೆನ್ಸಿಲ್ ಗೆರೆ ಎಳೆದೆ. ಅದು ದಿಬ್ಬದ ನೆತ್ತಿ. ಗೆರೆಯಿಂದ ಹಿಂದಕ್ಕೆ ಇಳಿಜಾರಾಗಿ ಉಜ್ಜುತ್ತಾ ಹೋಗಿ ಹಿಂಬದಿಯ ಅಂಚನ್ನು ಒಂದು ಮಿಲಿಮೀಟರಿಗಿಂತ ತೆಳುವಾಗಿಸಿದೆ. ಮುಂದಿನ ಅಂಚು ಗುಂಡಗೆ. ಮರಳುಕಾಗದವನ್ನು ಬೆರಳಿನಲ್ಲಿ ಹಿಡಿದು ಉಜ್ಜಿದರೆ ಬೆರಳಿನಷ್ಟೇ ತಗ್ಗುಗಳು ಬೀಳುತ್ತವೆ, ಆದ್ದರಿಂದ ಉದ್ದನೆಯ ಮರದ ತುಂಡಿಗೆ ಅಂಟಿಸಿಕೊಂಡೆ: ಮೊದಲು 120ರ ಒರಟು ಕಾಗದ, ಆಮೇಲೆ 220, ಕೊನೆಗೆ 400ರ ನಯವಾದದ್ದು. ಕೋಣೆಯ ದೀಪ ಆರಿಸಿ ಮೇಜಿನ ದೀಪವೊಂದನ್ನೇ ಓರೆಯಾಗಿ ಬೀಳಿಸಿದರೆ ಕಣ್ಣಿಗೆ ಕಾಣದ ಏರಿಳಿತಗಳು ನೆರಳಾಗಿ ಎದ್ದು ಕಾಣುತ್ತವೆ. ಎಡ ಬಲ ರೆಕ್ಕೆಗಳನ್ನು ಬೇರೆ ಬೇರೆಯಾಗಿ ತೂಗಿ, ಭಾರವಾದದ್ದನ್ನು ಮತ್ತೆ ಉಜ್ಜಿ ಸಮ ಮಾಡಿದೆ. ನಂತರ ನಡುವೆ ಕೋನ ಬರುವಂತೆ, ತುದಿಗಳು ಮೂರೂವರೆ ಸೆಂಟಿಮೀಟರ್ ಮೇಲೆದ್ದಿರುವಂತೆ ಅಂಟಿಸಿದೆ. ಪಕ್ಕಕ್ಕೆ ವಾಲಿದಾಗ ತಾನಾಗಿ ನೆಟ್ಟಗಾಗುವ ಗುಣ ಗ್ಲೈಡರಿಗೆ ಬರುವುದು ಈ ಡೈಹೆಡ್ರಲ್‌ನಿಂದಲೇ.

ಇನ್ನು ಮೈಗೆ ಲೇಪ. ಬಾಲ್ಸಾವನ್ನು ಬರಿಮೈಯಲ್ಲಿ ಬಿಟ್ಟರೆ ಗಾಳಿಯ ತೇವ ಹೀರಿ ತಿರುಚಿಕೊಳ್ಳುತ್ತದೆ, ಆದ್ದರಿಂದ ಏನಾದರೂ ಬೇಕೇ ಬೇಕು. ಸಮಪಾಲು ತಿನ್ನರ್ ಬೆರೆಸಿದ ಡೋಪ್, ಅಂದರೆ ಮಾದರಿ ವಿಮಾನಗಳಿಗೆ ಬಳಿಯುವ ವಾರ್ನಿಷ್‌ನಂಥ ಲೇಪ, ಒಂದು ಕೋಟು ಸಾಕೆಂದು ನಿರ್ಧರಿಸಿದೆ. ಇಲ್ಲಿ ನನ್ನ ಅವಸರ ಕೈಕೊಟ್ಟಿತು. ರಾತ್ರಿ ಮೇಲ್ಮೈಗೆ ಹಚ್ಚಿ, ತಳಭಾಗವನ್ನು ನಾಳೆ ನೋಡಿಕೊಳ್ಳೋಣ ಎಂದು ಮಲಗಿದೆ. ಡೋಪ್ ಒಣಗುವಾಗ ಕುಗ್ಗುತ್ತದೆ ಎಂಬುದನ್ನು ಓದಿದ್ದೆ, ಓದಿದ್ದು ಕೈಗಿಳಿದಿರಲಿಲ್ಲ. ಬೆಳಿಗ್ಗೆ ನೋಡಿದರೆ ರೆಕ್ಕೆಯ ಅಂಚುಗಳೆರಡೂ ಮೇಲಕ್ಕೆ ಬಾಗಿ ದೋಣಿಯಂತಾಗಿದ್ದವು, ಎಡ ತುದಿ ತಿರುಚಿಕೊಂಡೂ ಇತ್ತು. ತಳಕ್ಕೂ ಒಂದು ಕೋಟು ಹಚ್ಚಿದ ಮೇಲೆ ಅರ್ಧ ಸರಿಹೋಯಿತು. ಉಳಿದರ್ಧಕ್ಕೆ ಕೆಟಲಿನ ಹಬೆ. ಡೊಂಕಾದ ಭಾಗವನ್ನು ಹಬೆಯಲ್ಲಿ ಹಿಡಿದು, ಬೇಕಾದದ್ದಕ್ಕಿಂತ ತುಸು ಹೆಚ್ಚೇ ಎದುರು ದಿಕ್ಕಿಗೆ ತಿರುವಿ, ತಣ್ಣಗಾಗುವವರೆಗೆ ಹಾಗೆಯೇ ಹಿಡಿದಿರಬೇಕು. ಬೆರಳು ಸುಡುತ್ತದೆ, ರೆಕ್ಕೆ ಉಳಿಯುತ್ತದೆ. ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿದಾಗ ಎರಡು ಅಂಚುಗಳೂ ಒಂದೇ ಗೆರೆಯಂತೆ ಕಾಣುವವರೆಗೆ ನಾಲ್ಕು ಬಾರಿ ಹಬೆ ಹಿಡಿದೆ.

ಡೋಪ್ ತಾಗಿದ ಮರದ ನಾರುಗಳು ರೋಮದಂತೆ ಎದ್ದು ನಿಲ್ಲುತ್ತವೆ. 400ರ ಕಾಗದದಿಂದ ಹಗುರವಾಗಿ ಸವರಿದರೆ ಮುಗಿಯಿತು. ಬಣ್ಣಕ್ಕೆ ಕುಂಚ ಮುಟ್ಟಲಿಲ್ಲ, ಸ್ಪ್ರೇ ಡಬ್ಬಿಯನ್ನಂತೂ ಬೀಗ ಹಾಕಿಟ್ಟೆ. ದಪ್ಪ ಮಾರ್ಕರ್ ಪೆನ್ನಿನಿಂದ ರೆಕ್ಕೆಯ ತಳಕ್ಕೆ ಕಪ್ಪು ತುಂಬಿದೆ, ಮೇಲ್ಭಾಗದ ತುದಿಗಳಿಗೆ ಕಿತ್ತಳೆ. ಬೆಳಗುವ ಆಕಾಶದ ಎದುರು ಯಾವ ಬಣ್ಣವೂ ಬಣ್ಣವಾಗಿ ಕಾಣುವುದಿಲ್ಲ, ಕಪ್ಪು ಆಕೃತಿಯಾಗಿ ಮಾತ್ರ ಕಾಣುತ್ತದೆ; ಹಾಗಿರುವಾಗ ಕಪ್ಪನ್ನೇ ಹಚ್ಚುವುದು ಜಾಣತನ. ಕಿತ್ತಳೆ ಇರುವುದು ಹುಲ್ಲಿನಲ್ಲಿ ಬಿದ್ದಾಗ ಹುಡುಕಲು. ಲೇಪ, ಬಣ್ಣ ಎರಡೂ ಸೇರಿ ಏರಿದ ತೂಕ ಒಂದು ಗ್ರಾಮಿಗೂ ಕಡಿಮೆ.

ಪಾಡ್ ಮುಂದಿರುವುದರಿಂದ ಮೋಟಾರಿನ ಬೆಂಕಿ ಬೂಮಿನ, ಅಂದರೆ ರೆಕ್ಕೆಯನ್ನೂ ಬಾಲವನ್ನೂ ಜೋಡಿಸುವ ಉದ್ದನೆಯ ಕಡ್ಡಿಯ, ಬೆನ್ನ ಮೇಲೆಯೇ ಹಾದುಹೋಗುತ್ತದೆ. ಮೊದಲ ಗ್ಲೈಡರ್ ಬಾಲ ಸುಟ್ಟ ಬೆಕ್ಕಿನಂತೆ ಹಿಂತಿರುಗಿದ್ದನ್ನು ನೆನೆದು, ಈ ಬಾರಿ ಪಾಡನ್ನು ಗ್ಲೈಡರಿನ ಮೇಲೆ ಎತ್ತಿ ಹಿಡಿಯುವ ಪೈಲಾನನ್ನು ಸ್ವಲ್ಪ ಎತ್ತರ ಮಾಡಿ, ಬೂಮಿನ ಮೇಲೆ ತೆಳು ಅಲ್ಯೂಮಿನಿಯಂ ಹಾಳೆಯ ಪಟ್ಟಿ ಅಂಟಿಸಿದೆ.

ಪೈಲಾನಿನ ಕೊಕ್ಕೆ ಗ್ಲೈಡರಿನ ಸೀಳಿನಲ್ಲಿ ಕೂರುವ ಬಗೆಯ ಮೇಲೆಯೇ ಎಲ್ಲವೂ ನಿಂತಿದೆ. ಮೋಟಾರ್ ಉರಿಯುವಾಗ ಪಾಡ್ ಮುಂದಕ್ಕೆ ನೂಕುತ್ತದೆ, ಆಗ ಅದು ಅಲ್ಲಾಡಬಾರದು. ಮೋಟಾರಿನೊಳಗಿನ ಸಣ್ಣ ಸಿಡಿಮದ್ದು, ಅಂದರೆ ಎಜೆಕ್ಷನ್ ಚಾರ್ಜ್, ಸಿಡಿದು ಪಾಡಿನ ಮೂತಿಯಾದ ನೋಸ್ ಕೋನ್ ಮುಂದಕ್ಕೆ ಚಿಮ್ಮಿದಾಗ ಪಾಡ್ ಹಿಂದಕ್ಕೆ ಒದೆಯುತ್ತದೆ, ಆಗ ಅದು ಒಂದು ಕ್ಷಣವೂ ಅಂಟಿಕೊಳ್ಳಬಾರದು. ನಾನು ಇಟ್ಟುಕೊಂಡ ಪರೀಕ್ಷೆ ಸರಳ: ಖಾಲಿ ಮೋಟಾರ್ ಹಾಕಿದ ಪಾಡನ್ನು ಜೋಡಿಸಿ, ಗ್ಲೈಡರಿನ ಮೂಗನ್ನು ಮೇಲಕ್ಕೆ ಹಿಡಿದರೆ ಪಾಡ್ ತನ್ನ ತೂಕಕ್ಕೇ ಜಾರಿ ಬೀಳಬೇಕು. ಪಕ್ಕಕ್ಕೆ ಅಲುಗಿಸಿದರೆ ಮಾತ್ರ ಕದಲಬಾರದು. ಡೋಪ್ ಹನಿಯೊಂದು ಸೀಳಿನೊಳಗೆ ಒಣಗಿದ್ದಕ್ಕೆ ಮೊದಲ ಸಲ ಜಾರಲಿಲ್ಲ. ಕೆರೆದು, ಪೆನ್ಸಿಲ್ ಸೀಸ ಉಜ್ಜಿದ ಮೇಲೆ ನಯವಾಯಿತು.

ಕೈಯಿಂದ ಎಸೆದು ಟ್ರಿಮ್ ಮಾಡಲು, ಅಂದರೆ ತೇಲುವ ಹದ ಕೂಡಿಸಲು, ಗಾಳಿಯಿಲ್ಲದ ಮುಂಜಾವು ಬೇಕು. ತೂಕದ ಕೇಂದ್ರ ರೆಕ್ಕೆಯ ಬುಡದ ಅಗಲದಲ್ಲಿ ಅರ್ಧಕ್ಕಿಂತ ತುಸು ಹಿಂದೆ ಬರುವಂತೆ ಮೂಗಿಗೆ ಕ್ಲೇ ಮೆತ್ತಿ ಹೊರಟೆ. ಕ್ಷಿತಿಜದತ್ತ ಸಮನಾಗಿ, ಮೂಗು ಸ್ವಲ್ಪ ಕೆಳಗೆ ಮಾಡಿ, ತಳ್ಳಿದಂತೆ ಬಿಡಬೇಕು, ಕಲ್ಲೆಸೆದಂತೆ ಅಲ್ಲ. ಮೂಗೆತ್ತಿ, ತಡವರಿಸಿ, ಮತ್ತೆ ಮೂಗೆತ್ತಿದರೆ ಅದು ಸ್ಟಾಲ್, ಕ್ಲೇ ಸೇರಿಸಬೇಕು. ನೇರವಾಗಿ ನೆಲಕ್ಕೆ ಮೂಗು ಇಳಿಸಿದರೆ ತೆಗೆಯಬೇಕು. ನನ್ನದು ಮೂಗು ಇಳಿಸಿತು. ಕ್ಲೇ ಕೀಳುವ ಬದಲು ಬಾಲದ ಹಿಂಬದಿ ಅಂಚಿಗೆ ಬಾಯಿಯ ಬಿಸಿಯುಸಿರು ಊದಿ ಮೇಲಕ್ಕೆ ಬಾಗಿಸಿದೆ, ಅದು ಬೇಗ ಆಗುವ ಕೆಲಸವೆಂದು. ಕೈ ಎಸೆತದಲ್ಲಿ ಚಂದವಾಗಿ ತೇಲಿತು. ಅದರ ದಂಡವನ್ನು ಆಮೇಲೆ ತೆತ್ತೆ.

ಸುತ್ತುಗಟ್ಟಿ ಹಾರಲು ಚುಕ್ಕಾಣಿಯನ್ನು ತಿರುವುವ ಬದಲು, ಹಿಂದಿನ ಅಡ್ಡ ರೆಕ್ಕೆಯನ್ನೇ ಒಂದು ಬದಿಗೆ ಎರಡು ಮೂರು ಮಿಲಿಮೀಟರ್ ಓರೆಯಾಗಿ ಅಂಟಿಸಿದ್ದೆ. ಎತ್ತರದ ಬದಿಗೆ ಗ್ಲೈಡರ್ ತಿರುಗುತ್ತದೆ. ಚುಕ್ಕಾಣಿಯ ತಿರುವು ರಾಕೆಟ್ ವೇಗದಲ್ಲಿ ಹತ್ತರಷ್ಟಾಗಿ ಇಡೀ ಹಾರಾಟವನ್ನೇ ಬುಗುರಿಯಾಡಿಸಬಲ್ಲದು; ಈ ಓರೆ ಮೇಲೇರುವಾಗ ಹೆಚ್ಚೇನೂ ಕಾಡುವುದಿಲ್ಲ.

ಮೋಟಾರ್ ಕಾರ್ಖಾನೆಯಲ್ಲಿ ತಯಾರಾದ ಎ8-3. ಎ ಅಂದರೆ ಒಟ್ಟು ನೂಕುಬಲ 2.5 ನ್ಯೂಟನ್-ಸೆಕೆಂಡಿನೊಳಗೆ, 8 ಅಂದರೆ ಸರಾಸರಿ ನೂಕು ನ್ಯೂಟನ್‌ಗಳಲ್ಲಿ, 3 ಅಂದರೆ ಉರಿದು ಮುಗಿದ ಮೇಲೆ ಎಜೆಕ್ಷನ್ ಚಾರ್ಜ್‌ವರೆಗಿನ ಸೆಕೆಂಡುಗಳು. ಈ ವಿಳಂಬ ಇದಕ್ಕಿಂತ ಹೆಚ್ಚಾದರೆ ಹಗುರ ಗ್ಲೈಡರ್ ನೆತ್ತಿ ದಾಟಿ ಮೂಗು ಕೆಳಗೆ ಮಾಡಿಕೊಂಡು ವೇಗ ಹಿಡಿದಿರುತ್ತದೆ.

ಉಡಾವಣೆಯ ದಿನ ಗ್ಲೈಡರಿಗೆ ನೆಟ್ಟಗೆ ದಾರಿ ತೋರಲು ಮೂರು ಮಿಲಿಮೀಟರ್ ಸರಳು, ಒಣಹುಲ್ಲಿಲ್ಲದ ಜಾಗ, ಐದು ಮೀಟರ್ ದೂರದ ಸ್ವಿಚ್. ಮೋಟಾರನ್ನು ಹೊತ್ತಿಸುವ ಇಗ್ನೈಟರ್ ತಂತಿಯ ಕ್ಲಿಪ್ಪುಗಳು ಹಿಂದಿನ ರೆಕ್ಕೆಗೆ ಸಿಕ್ಕದಂತೆ ಅವುಗಳನ್ನು ಪಕ್ಕಕ್ಕೆ ಎಳೆದು ಟೇಪು ಹಾಕಿದೆ. ಎಣಿಸಿ ಗುಂಡಿ ಒತ್ತಿದೆ. ಸರಳು ಬಿಟ್ಟ ಗ್ಲೈಡರ್ ಮನೆಯೆತ್ತರ ಏರಿತೋ ಇಲ್ಲವೋ, ಬೆನ್ನ ಮೇಲಾಗಿ ಬಾಗಿ ಪೂರ್ತಿ ಒಂದು ಚಕ್ರ ಹೊಡೆಯಿತು. ಎರಡನೆಯ ಚಕ್ರದ ಅರ್ಧದಲ್ಲಿ ಮೋಟಾರ್ ನಿಂತಿತು. ಬಾಲವನ್ನು ಮೇಲಕ್ಕೆ ಬಾಗಿಸಿದ್ದು ತೇಲುವ ವೇಗದಲ್ಲಿ ಮೂಗನ್ನು ಹದವಾಗಿ ಎತ್ತುತ್ತದೆ. ರಾಕೆಟ್ ವೇಗದಲ್ಲಿ ಅದೇ ಬಾಗು ಅಟ್ಟಹಾಸ ಮಾಡುತ್ತದೆ. ಮೇಲೆ ಕುಳಿತ ಪಾಡಿನ ನೂಕು ಮೂಗನ್ನು ಕೆಳಕ್ಕೆ ಒತ್ತಿ ಇದನ್ನು ಸ್ವಲ್ಪ ಸರಿದೂಗಿಸುವುದು ನಿಜ, ಆದರೆ ನನ್ನ ಪ್ರಮಾಣದ ತಪ್ಪಿಗೆ ಅದು ಸಾಲಲಿಲ್ಲ. ಅದೃಷ್ಟಕ್ಕೆ ಬಿದ್ದದ್ದು ಹುಲ್ಲಿನ ಮೇಲೆ. ಬಾಲಕ್ಕೆ ಮತ್ತೆ ಉಸಿರೂದಿ ನೇರ ಮಾಡಿ, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ: ಕಡಲೆ ಗಾತ್ರದ ಕ್ಲೇ ತೆಗೆದೆ.

ಮರು ಉಡಾವಣೆ ನೆಟ್ಟಗೆ ಹೋಯಿತು. ಆದರೆ ಸಿಡಿದ ಮೇಲೆ ಪಾಡ್ ದೂರ ಸರಿಯಲಿಲ್ಲ. ಅದರ ಉದ್ದನೆಯ ದಾರ ಗ್ಲೈಡರಿನ ಬಾಲಕ್ಕೆ ಸುತ್ತಿಕೊಂಡು ಎರಡೂ ಜಗಳವಾಡುತ್ತಾ ಜೊತೆಯಲ್ಲೇ ಇಳಿದವು. ಇದಕ್ಕೆ ಈ ಹವ್ಯಾಸದವರು ‘ರೆಡ್ ಬ್ಯಾರನ್’ ಎನ್ನುತ್ತಾರೆ; ತನ್ನದೇ ವಿಮಾನವನ್ನು ಹೊಡೆದುರುಳಿಸುವ ಪಾಡ್‌ಗೆ ಮೊದಲ ಮಹಾಯುದ್ಧದ ಜರ್ಮನ್ ಯುದ್ಧವಿಮಾನ ಚಾಲಕನ ಅಡ್ಡಹೆಸರು. ನನ್ನ ಗ್ಲೈಡರ್ ಕೆಂಪಾಗಿದ್ದಾಗ ಈ ಹೆಸರು ಸಿಕ್ಕಿದ್ದರೆ ಇನ್ನೂ ಒಪ್ಪುತ್ತಿತ್ತು. ದಾರವನ್ನು ಅರ್ಧಕ್ಕೆ ಕತ್ತರಿಸಿ, ಸ್ಟ್ರೀಮರನ್ನು ಬಿಗಿಯಾಗಿ ಸುತ್ತಿ ತುಂಬಿದೆ.

ಮೂರನೆಯ ಬಾರಿ ಎಲ್ಲವೂ ಕೂಡಿಬಂತು. ಬಿಳಿ ಹೊಗೆಯ ತುದಿಯಲ್ಲಿ ಸಣ್ಣ ಪಟ್ಟೆಂಬ ಸದ್ದು, ಪಾಡ್ ಒಂದು ಕಡೆ ಜಾರಿತು, ಗ್ಲೈಡರ್ ಒಮ್ಮೆ ಮುಗ್ಗರಿಸಿ ಸುಧಾರಿಸಿಕೊಂಡು ಬಲಕ್ಕೆ ವೃತ್ತ ಹಿಡಿಯಿತು. ಗಡಿಯಾರದಲ್ಲಿ 40 ಸೆಕೆಂಡು ದಾಟಿದಾಗ ನಕ್ಕೆ. 60 ದಾಟಿದಾಗ ನಗು ನಿಂತಿತು, ಏಕೆಂದರೆ ಅದು ಇಳಿಯುತ್ತಿರಲಿಲ್ಲ. ಬಿಸಿಗಾಳಿಯ ಕಂಬವೊಂದನ್ನು ಹೊಕ್ಕಿತ್ತು. ಅದೇ ಕಂಬದಲ್ಲಿ ಇನ್ನೂ ಮೇಲೆ ಹದ್ದೊಂದು ರೆಕ್ಕೆ ಬಡಿಯದೆ ಸುತ್ತುತ್ತಿತ್ತು. ಹೊತ್ತು ಮೀರಿದಾಗ ಬಾಲವನ್ನೆತ್ತಿ ಬಲವಂತವಾಗಿ ಇಳಿಸುವ ಡಿಥರ್ಮಲೈಸರ್ ಎಂಬ ಉಪಕರಣವನ್ನು, ಮತ್ತೆ ಒಂದು ಗ್ರಾಂ ಏಕೆ ಎಂದು, ನಾನು ಹಾಕಿರಲಿಲ್ಲ. 134ನೇ ಸೆಕೆಂಡಿಗೆ ಮರಗಳ ಸಾಲಿನ ಆಚೆ ಕಪ್ಪು ಚುಕ್ಕಿ ಮರೆಯಾಯಿತು.

ಮೂರನೆಯ ದಿನ ಪೊದೆಯೊಂದರಲ್ಲಿ ಕಿತ್ತಳೆ ತುದಿ ಕಂಡಿತು. ಇಬ್ಬನಿಯಲ್ಲಿ ನೆನೆದಿದ್ದ ಗ್ಲೈಡರನ್ನು ಮನೆಗೆ ತಂದು ತಕ್ಕಡಿಯ ಮೇಲಿಟ್ಟೆ: 17 ಗ್ರಾಂ. ಎರಡು ದಿನ ನೆರಳಿನಲ್ಲಿ ಒಣಗಿದ ಮೇಲೆ 15. ಎಡ ತುದಿ ಮತ್ತೆ ಮೊದಲಿನಂತೆಯೇ ತಿರುಚಿಕೊಂಡಿದೆ. ಕೆಟಲ್ ಒಲೆಯ ಮೇಲಿದೆ.