ಮಳೆಗೆ ಮುಂಚೆ ಮಾಳಿಗೆ ಬಿರುಕು ಮುಚ್ಚಿ: ಎರಡು ಭಾನುವಾರದ ಕೆಲಸ

ಚಿತ್ರದುರ್ಗ ಸೀಮೆಯ ಹಳೆ ಮಾಳಿಗೆ ಮನೆಗಳಲ್ಲಿ ಮಳೆಗಾಲ ಹತ್ತಿರ ಬಂತೆಂದರೆ ಕರಲು ಮಣ್ಣು ತಂದು ಮೇಲೆ ಹರಡುವ ಕೆಲಸ ತಪ್ಪುತ್ತಿರಲಿಲ್ಲ. ಆರ್‌ಸಿಸಿ ಬಂದ ಮೇಲೆ ಆ ಅಭ್ಯಾಸ ಬಿಟ್ಟುಹೋಯಿತು. ಆದರೆ ಆರ್‌ಸಿಸಿಗೂ ವರ್ಷಕ್ಕೊಮ್ಮೆ ಆರೈಕೆ ಬೇಕು. ನಮ್ಮ ಕಡೆಯ ಬಿಸಿಲಿಗೆ ಹಗಲೆಲ್ಲ ಕಾದು ಹಿಗ್ಗುವ ಮಾಳಿಗೆ, ರಾತ್ರಿ ತಣಿದು ಕುಗ್ಗುತ್ತದೆ. ಈ ಎಳೆದಾಟದಲ್ಲೇ ಕೂದಲೆಳೆಯಂಥ ಬಿರುಕು ಬೀಳುತ್ತದೆ.

ಇಂಥ ಸಣ್ಣ ಬಿರುಕನ್ನು ಮನೆಯವರೇ ಮುಚ್ಚಬಹುದು. ಏಪ್ರಿಲ್‌ನಲ್ಲಿ, ಭರಣಿ ಮಳೆ ಹುಟ್ಟುವ ಮುಂಚೆ ಶುರು ಮಾಡಿ. ಆಗ ಆಗಲಿಲ್ಲವೆಂದರೂ ಚಿಂತೆ ಬೇಡ. ದುರ್ಗದ ಕಡೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅಲ್ವಾ? ನಡುವೆ ಒಂದು ವಾರ ಬಿಸಿಲು ಬಿಟ್ಟರೂ ಕೆಲಸ ಆಗುತ್ತದೆ.

ಮೊದಲು ಬಿರುಕು ಹುಡುಕಿ

ಅರ್ಧ ಕೆಲಸ ಇದೇ. ಶನಿವಾರ ಸಂಜೆ ಮಾಳಿಗೆ ಗುಡಿಸಿ, ಎಲ್ಲ ಕಡೆ ನೀರು ಚಿಮುಕಿಸಿ. ಪಾಚಿ ಇದ್ದರೆ ತಂತಿ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಆಮೇಲೆ ಸುಮ್ನೆ ಕಾಯಿರಿ. ಮಾಳಿಗೆ ಆರುತ್ತಾ ಬಂದಂತೆ ಬೂದು ಬಣ್ಣಕ್ಕೆ ತಿರುಗುತ್ತದೆ. ಬಿರುಕಿನೊಳಗೆ ಇಳಿದ ನೀರು ಮಾತ್ರ ಬೇಗ ಆರುವುದಿಲ್ಲ. ಬೆಳಿಗ್ಗೆ ಎಷ್ಟು ಹುಡುಕಿದರೂ ಕಾಣದಿದ್ದ ಬಿರುಕು ಈಗ ಪೆನ್ಸಿಲ್‌ನಲ್ಲಿ ಎಳೆದ ಹಾಗೆ ಕಪ್ಪು ಗೆರೆಯಾಗಿ ಎದ್ದು ಕಾಣುತ್ತದೆ. ಆ ಗೆರೆಯ ಪಕ್ಕಕ್ಕೇ ಸೀಮೆಸುಣ್ಣದಿಂದ ಗುರುತು ಹಾಕಿ. ನೀರು ನಿಂತ ಜಾಗ, ಪೈಪಿನ ಬಾಯಿ, ಪ್ಯಾರಾಪೆಟ್ ಗೋಡೆ ಮಾಳಿಗೆಗೆ ಸೇರುವ ಮೂಲೆ, ಇವನ್ನೂ ಬಿಡಬೇಡಿ. ಸೋರಿಕೆ ಜಾಸ್ತಿ ಶುರುವಾಗುವುದು ಮೂಲೆಯಲ್ಲೇ.

ಅನುಮಾನ ಇದ್ದರೆ ಇಡೀ ಮಾಳಿಗೆಗೆ ನೀರು ಕಟ್ಟುವುದು ಬೇಡ. 600 ಚದರಡಿಗೆ ಒಂದಿಂಚು ನೀರು ನಿಲ್ಲಿಸಲು ಸುಮಾರು 1,400 ಲೀಟರ್ ಬೇಕು. ನಮ್ಮೂರುಗಳಲ್ಲಿ ಬೇಸಿಗೆಯಲ್ಲಿ ಅಷ್ಟು ನೀರು ಚೆಲ್ಲಲು ಮನಸ್ಸು ಬರುವುದಿಲ್ಲ. ಕೆಳಗೆ ತೇವ ಕಂಡ ಕಡೆ, ಮೇಲೆ ಐದಡಿ ಚೌಕಕ್ಕೆ ಜಿಗುಟು ಮಣ್ಣಿನ ಬದು ಕಟ್ಟಿ. ಐದು ಕೊಡ ನೀರು ಸಾಕು. ಒಂದು ದಿನ ಬಿಟ್ಟು ಕೆಳಗೆ ಬಂದು ಸೂರು ಮುಟ್ಟಿ ನೋಡಿ. ತೇವ ದೀಪದ ಹತ್ತಿರ ಇದ್ದರೆ ಮುಟ್ಟುವ ಮೊದಲು ಮೇನ್ ಸ್ವಿಚ್ ಆರಿಸಿ.

ಮೊದಲ ಭಾನುವಾರ: ಬಿರುಕು ತುಂಬಿ

ಬಿರುಕನ್ನು ಮೊದಲು ಅಗಲ ಮಾಡಬೇಕು. ಕೇಳಲು ವಿಚಿತ್ರ ಅನಿಸಬಹುದು. ಆದರೆ ಕೂದಲೆಳೆಯ ಸಂದಿನಲ್ಲಿ ಯಾವ ಪೇಸ್ಟೂ ಇಳಿಯುವುದಿಲ್ಲ. ಉಳಿ, ಸುತ್ತಿಗೆಯಿಂದ ಹಗುರವಾಗಿ ತಟ್ಟಿ, ಕಿರುಬೆರಳ ಉಗುರಿನಷ್ಟು ಅಗಲ, ಅಷ್ಟೇ ಆಳದ 'ವಿ' ಆಕಾರದ ಸಣ್ಣ ತೋಡು ಮಾಡಿ. ಕಣ್ಣಿಗೆ ಕನ್ನಡಕ ಇರಲಿ. ಒಳಗಿನ ಧೂಳನ್ನು ಬ್ರಷ್‌ನಿಂದ ಪೂರ್ತಿ ತೆಗೆಯಿರಿ. ಧೂಳಿನ ಮೇಲೆ ಏನು ಹಾಕಿದರೂ ಹಿಡಿಯುವುದಿಲ್ಲ.

ಬರೀ ಸಿಮೆಂಟ್ ತಿಳಿ ಸುರಿಯಬೇಡಿ. ನಮ್ಮ ಮನೆಯಲ್ಲಿ ಒಂದು ವರ್ಷ ಹಾಗೆ ಮಾಡಿದ್ದೆವು. ಮುಂದಿನ ಬೇಸಿಗೆಗೆ ಅದೇ ಗೆರೆಯ ಪಕ್ಕ ಇನ್ನೊಂದು ಗೆರೆ ಬಿತ್ತು. ಸಿಮೆಂಟ್ ಒಣಗುವಾಗ ಕುಗ್ಗುತ್ತದೆ, ಎಳೆತಕ್ಕೆ ಬಗ್ಗುವ ಗುಣ ಅದಕ್ಕಿಲ್ಲ. ಪೇಂಟ್ ಅಂಗಡಿಯಲ್ಲಿ ಕ್ರ್ಯಾಕ್ ಫಿಲ್ಲರ್ ಪೇಸ್ಟ್ ಸಿಗುತ್ತದೆ. ಪುಟ್ಟಿ ಪಟ್ಟಿಯಿಂದ ಒತ್ತಿ ತುಂಬಿ. ಆಳ ಜಾಸ್ತಿ ಇದ್ದರೆ ಒಂದೇ ಸಲ ಬೇಡ, ಒಂದು ಪದರ ಒಣಗಿದ ಮೇಲೆ ಇನ್ನೊಂದು.

ಮೂಲೆಗೆ ಒಂದು ಪಾಲು ಸಿಮೆಂಟ್, ಮೂರು ಪಾಲು ಮರಳು ಕಲಸಿ. ನೀರಿನ ಜೊತೆ ವಾಟರ್‌ಪ್ರೂಫಿಂಗ್ ದ್ರವ ಸೇರಿಸಿ, ಎಷ್ಟೆಂದು ಡಬ್ಬದ ಮೇಲೆ ಬರೆದಿರುತ್ತದೆ. ಕರಣೆಯಿಂದ ಎರಡು ಇಂಚು ಎತ್ತರಕ್ಕೆ ಮೂಲೆಯನ್ನು ಗುಂಡಗೆ ಮೆತ್ತಿ. ಶುಕ್ರವಾರದವರೆಗೆ ದಿನಕ್ಕೆ ಎರಡು ಹೊತ್ತು ನೀರು ಹೊಡೆಯಿರಿ. ಶನಿವಾರ ಒಣಗಲು ಬಿಡಿ.

ಎರಡನೇ ಭಾನುವಾರ: ಬಳಿಯಿರಿ

ಇನ್ನು ಇಡೀ ಮಾಳಿಗೆಗೆ ವಾಟರ್‌ಪ್ರೂಫ್ ಕೋಟಿಂಗ್ ಬಳಿಯಬೇಕು. ಅದರ ಡಬ್ಬ ಕೊಳ್ಳುವ ಮುಂಚೆ ಮಾಳಿಗೆಯ ಉದ್ದ, ಅಗಲ ಅಳೆಯಿರಿ. ಗೋಡೆಯ ಮೇಲೂ ಒಂದಡಿ ಬಳಿಯಬೇಕು, ಅದನ್ನೂ ಸೇರಿಸಿ ಅಂಗಡಿಯವರಿಗೆ ಹೇಳಿ.

ಬೆಳಿಗ್ಗೆ ಆರಕ್ಕೇ ಮೇಲೆ ಹತ್ತಿ. ಕಾದ ಮಾಳಿಗೆಗೆ ಬಳಿದರೆ ಮೇಲಿನ ಪದರ ಬೇಗ ಒಣಗಿ, ಕೆಳಗೆ ಹಿಡಿಯದೆ ಸಿಪ್ಪೆ ಏಳುತ್ತದೆ. ಮೊದಲ ಕೋಟ್ ಉದ್ದಕ್ಕೆ ಬಳಿಯಿರಿ. ತುಂಬಿದ ಬಿರುಕುಗಳ ಮೇಲೆ, ಕೋಟ್ ಹಸಿ ಇರುವಾಗಲೇ ಫೈಬರ್ ಜಾಲರಿ ಪಟ್ಟಿ ಒತ್ತಿ ಕೂರಿಸಿ. ಮಾಳಿಗೆ ಮತ್ತೆ ಹಿಗ್ಗಿದಾಗ ಆ ಎಳೆತವನ್ನು ಈ ಜಾಲರಿಯೇ ತಡೆಯುವುದು. ಸಂಜೆ ಬಿಸಿಲು ಇಳಿದ ಮೇಲೆ ಎರಡನೇ ಕೋಟ್ ಅಡ್ಡಕ್ಕೆ. ಹಿಂದಕ್ಕೆ ಸರಿಯುತ್ತಾ ಮೆಟ್ಟಿಲ ಕಡೆಗೆ ಬನ್ನಿ. ಪ್ಯಾರಾಪೆಟ್ ಇಲ್ಲದ ಮಾಳಿಗೆಯಾದರೆ ಅಂಚಿನ ಕಡೆಗೆ ಬೆನ್ನು ಹಾಕಲೇಬೇಡಿ, ಒಬ್ಬರೇ ಹತ್ತಬೇಡಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಸೂರಿನಲ್ಲಿ ತುಕ್ಕಿನ ಕಲೆ, ಉದುರುವ ಗಾರೆ, ಹೊರಗೆ ಕಾಣುವ ಕಬ್ಬಿಣ ಇದ್ದರೆ ಇದಕ್ಕೆ ಕೈ ಹಾಕಬೇಡಿ. ಮೇಲೆ ಬಳಿದರೆ ರೋಗ ಒಳಗೇ ಉಳಿಯುತ್ತದೆ. ಎಂಜಿನಿಯರ್‌ಗೆ ತೋರಿಸಿ.

ಮೊದಲ ಮಳೆ ನಿಂತ ಕೂಡಲೇ ಒಮ್ಮೆ ಮೇಲೆ ಹೋಗಿ. ಪೈಪಿನ ಬಾಯಿಗೆ ಸಿಕ್ಕ ಬೇವಿನ ಎಲೆ ತೆಗೆದು, ನೀರು ಎಲ್ಲಿ ನಿಂತಿದೆ ನೋಡಿಕೊಂಡು ಬನ್ನಿ.