ಪ್ರಮಾಣಪತ್ರ ಮಕ್ಕಳಿಗೆ, ತರಬೇತಿ ಮೊದಲು ನಮಗೆ

ನಮ್ಮದು ಮುಂಬಯಿಯ ಪೂರ್ವ ಉಪನಗರದ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆ. ಒಂದು ಕಾಲದಲ್ಲಿ ಇಲ್ಲಿ ಹೋಟೆಲ್ ಕೆಲಸಕ್ಕೆ ಬಂದ ಕರಾವಳಿಯವರ ಮಕ್ಕಳೇ ಜಾಸ್ತಿ. ಈಗ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ಹೆಚ್ಚು. ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಒಂಬತ್ತನೇ ತರಗತಿಯವರಿಗೆ ನಾಗರಿಕರಾಗಿ ತಿಳಿಯಬೇಕಾದ್ದನ್ನು ತಿಳಿದು, ಮಾಡಿ ತೋರಿಸಿದ್ದಕ್ಕೆ ಶಾಲೆಯ ಕಡೆಯಿಂದಲೇ ಒಂದು ನಾಗರಿಕ ಪ್ರಮಾಣಪತ್ರ ಕೊಡೋಣ ಎಂದು ತೀರ್ಮಾನವಾದಾಗ, ಅದಕ್ಕೆ ಸಿಬ್ಬಂದಿಯನ್ನು ತಯಾರು ಮಾಡುವ ಕೆಲಸ ನನಗೆ ಬಂತು. ಅದನ್ನು ಹೇಗೆ ಮಾಡಿದೆ ಎಂದು ಬರೆಯುತ್ತಿದ್ದೇನೆ. ಬೇರೆ ಶಾಲೆಯವರಿಗೆ ಉಪಯೋಗವಾದರೆ ಸಂತೋಷ.

ಈ ವಿಚಾರ ಅಮೆರಿಕದ್ದು. ಅಲ್ಲಿ ಕೆಲವು ರಾಜ್ಯಗಳು ಹೈಸ್ಕೂಲು ಮುಗಿಸುವ ಮಕ್ಕಳ ಡಿಪ್ಲೊಮಾ ಮೇಲೆ ನಾಗರಿಕ ಮುದ್ರೆ ಹಾಕಿಕೊಡುತ್ತವೆ. ಕ್ಯಾಲಿಫೋರ್ನಿಯದಲ್ಲಿ ಇದರ ಮಾನದಂಡಗಳಿಗೆ 2020ರಲ್ಲಿ ಒಪ್ಪಿಗೆ ಸಿಕ್ಕಿತು. ಸಂವಿಧಾನ ತಿಳಿದಿರಬೇಕು, ಊರಿನ ಒಂದು ನಿಜವಾದ ಸಮಸ್ಯೆಯ ಮೇಲೆ ಕೆಲಸ ಮಾಡಿರಬೇಕು, ತಾನು ಮಾಡಿದ್ದರ ಬಗ್ಗೆ ಯೋಚಿಸಿ ಬರೆಯಬೇಕು. ನ್ಯೂಯಾರ್ಕಿನಲ್ಲಿ ಒಟ್ಟು 6 ಅಂಕ ಗಳಿಸಬೇಕು. ಅದರಲ್ಲಿ ತಿಳಿವಳಿಕೆಗೆ ಕನಿಷ್ಠ 2, ಭಾಗವಹಿಸಿದ್ದಕ್ಕೆ ಕನಿಷ್ಠ 2. ಬರೀ ಓದಿದರೆ ಸಿಗುವುದಿಲ್ಲ, ಓದದೆ ಓಡಾಡಿದರೂ ಸಿಗುವುದಿಲ್ಲ. ಈ ಲೆಕ್ಕ ನನಗೆ ತುಂಬಾ ಹಿಡಿಸಿತು. ನಮ್ಮ ಪ್ರಮಾಣಪತ್ರಕ್ಕೆ ಬೋರ್ಡಿನ ಮಾನ್ಯತೆ ಇಲ್ಲ, ಹತ್ತನೇ ತರಗತಿಯ ಎಸ್‌ಎಸ್‌ಸಿ ಅಂಕಪಟ್ಟಿಯಲ್ಲಿ ಅದು ಬರುವುದೂ ಇಲ್ಲ. ಇದನ್ನು ಮಕ್ಕಳಿಗೂ ಪಾಲಕರಿಗೂ ಮೊದಲ ದಿನವೇ ಹೇಳಿದೆವು.

ಓದುವ ಭಾಗಕ್ಕೆ ನಮ್ಮಲ್ಲಿ ಕೊರತೆ ಇಲ್ಲ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಪುಸ್ತಕದಲ್ಲಿ ಆರನೇ ತರಗತಿಗೆ ಸ್ಥಳೀಯ ಆಡಳಿತ, ಏಳಕ್ಕೆ ಸಂವಿಧಾನ, ಎಂಟಕ್ಕೆ ಸಂಸತ್ತು ಬಂದೇ ಬರುತ್ತದೆ. ಕಷ್ಟವಿದ್ದದ್ದು ಎರಡನೇ ಭಾಗದಲ್ಲಿ. ಒಂದು ಅರ್ಜಿ ಎಲ್ಲಿ ಕೊಡಬೇಕು, ಕೊಟ್ಟ ಮೇಲೆ ಏನು ಕೇಳಿ ಪಡೆಯಬೇಕು ಎನ್ನುವುದು ನಮ್ಮ ಶಿಕ್ಷಕರಲ್ಲೇ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಅದು ಅವರ ತಪ್ಪಲ್ಲ. ಬೆಳಿಗ್ಗೆ ಡೊಂಬಿವಲಿಯಿಂದ ಲೋಕಲ್ ಹಿಡಿದು ಬಂದು ಸಂಜೆ ಅದೇ ಗರ್ದಿಯಲ್ಲಿ ವಾಪಸ್ ಹೋಗುವವರಿಗೆ ವಾರ್ಡ್ ಕಚೇರಿ ಮೆಟ್ಟಿಲು ಹತ್ತುವ ಪುರುಸೊತ್ತು ಎಲ್ಲಿಂದ ಬರಬೇಕು? ಆದರೆ ತಾನು ಮಾಡದ್ದಕ್ಕೆ ಇನ್ನೊಬ್ಬರಿಗೆ ಅಂಕ ಕೊಡುವುದು ಹೇಗೆ? ಹಾಗಾಗಿ ಒಂದು ಷರತ್ತು ಹಾಕಿದೆ. ಮಕ್ಕಳಿಂದ ಏನೇನು ಮಾಡಿಸುತ್ತೇವೋ ಅದನ್ನೆಲ್ಲ ಮೊದಲು ಸಿಬ್ಬಂದಿ ಮಾಡಬೇಕು. ಮುಖ್ಯೋಪಾಧ್ಯಾಯಿನಿಯಿಂದ ಹಿಡಿದು ಆಫೀಸಿನ ಕ್ಲರ್ಕ್, ಸಿಪಾಯಿಯವರೆಗೆ ಎಲ್ಲರೂ. ಮುಖ್ಯೋಪಾಧ್ಯಾಯಿನಿ ಇದಕ್ಕೆ ಕೂಡಲೇ ಒಪ್ಪಿದರು. ಅವರು ಒಪ್ಪದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು.

ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಕೂರುತ್ತಿದ್ದೆವು. ಮೊದಲ ಸಲ ಸಂವಿಧಾನದ ಪೀಠಿಕೆಯನ್ನು ಓದಿ ಬಿಡೋಣ ಎಂದು ಎಲ್ಲರೂ ಅಂದುಕೊಂಡಿದ್ದರು. ನಾನು ಬೇರೆ ಪ್ರಶ್ನೆ ಇಟ್ಟೆ. ಮುಂಬಯಿಯಲ್ಲಿ ಕನ್ನಡ ಶಾಲೆ ನಡೆಯುತ್ತಿದೆಯಲ್ಲ, ಇದು ಯಾರು ಕೊಟ್ಟ ಅನುಮತಿ? ಸರ್ಕಾರದ ದಯೆ ಎಂದರು ಒಬ್ಬರು. ಟ್ರಸ್ಟಿನ ಹಿರಿಯರ ಪುಣ್ಯ ಎಂದರು ಇನ್ನೊಬ್ಬರು. ಹಿರಿಯರ ಶ್ರಮ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಂವಿಧಾನದ 30ನೇ ವಿಧಿ ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣ ಸಂಸ್ಥೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. 1956ರಲ್ಲಿ ರಾಜ್ಯಗಳ ಪುನರ್‌ವಿಂಗಡಣೆಯ ಹೊತ್ತಿಗೆ 350ಎ ವಿಧಿ ಸೇರಿತು. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲೇ ಕಲಿಸುವ ಸೌಕರ್ಯ ಮಾಡಬೇಕು ಎನ್ನುತ್ತದೆ ಅದು. ಇವನ್ನು ಓದಿದಾಗ ನಮ್ಮ ಚಿತ್ರಕಲಾ ಶಿಕ್ಷಕಿ ಕೇಳಿದರು, 'ಅಂದ್ರೆ ನನ್ನ ನೌಕರಿ ಈ ಪುಸ್ತಕದೊಳಗಿದೆ ಅಂತಾಯ್ತಲ್ವಾ ಸರ್?' ಆ ಮೇಲೆ ಪೀಠಿಕೆ ಓದಲು ಯಾರನ್ನೂ ಒತ್ತಾಯ ಮಾಡಬೇಕಾಗಲಿಲ್ಲ. ಕನ್ನಡ ಶಾಲೆಗಳಲ್ಲಿ ತರಬೇತಿ ಮಾಡುವವರು ಇಲ್ಲಿಂದಲೇ ಶುರು ಮಾಡಿ ಎಂದು ಹೇಳುತ್ತೇನೆ.

ಆಮೇಲೆ ಕೈಯಾರೆ ಮಾಡುವ ಕೆಲಸ. ಪ್ರತಿಯೊಬ್ಬರೂ ತಾವು ಇರುವ ಕಡೆ ಒಂದು ತೊಂದರೆ ಹುಡುಕಿ, ಅದು ಯಾರ ಜವಾಬ್ದಾರಿ ಎಂದು ಪತ್ತೆ ಮಾಡಿ ಬರಬೇಕು. ಕೇಳಲು ಸುಲಭ, ಮಾಡಲು ಕೂತರೆ ಗೊತ್ತಾಗುತ್ತದೆ. ಬೀದಿ ದೀಪವನ್ನೇ ತೆಗೆದುಕೊಳ್ಳಿ. ಕೊಲಾಬಾದಿಂದ ಮಾಹಿಮ್, ಸಯನ್‌ವರೆಗೆ ಪಾಲಿಕೆಯ ಬಸ್ ಮತ್ತು ವಿದ್ಯುತ್ ಸಂಸ್ಥೆ ಬೆಸ್ಟ್ ನೋಡಿಕೊಳ್ಳುತ್ತದೆ. ಉಪನಗರದ ಹೆಚ್ಚಿನ ಕಡೆ ಅದಾನಿ ವಿದ್ಯುತ್ ಕಂಪನಿ. ಭಾಂಡುಪ್, ಮುಲುಂಡ್ ಕಡೆ ರಾಜ್ಯ ಸರ್ಕಾರದ ವಿದ್ಯುತ್ ಕಂಪನಿ ಮಹಾವಿತರಣ. ಕಸ, ಚರಂಡಿ, ನೀರಿನದ್ದಾದರೆ ಪಾಲಿಕೆಯ ಸಹಾಯವಾಣಿ 1916. ಸ್ಟೇಷನ್ ಪಕ್ಕದ ಜಾಗ ರೈಲ್ವೆಯದ್ದಾದರೆ ಪಾಲಿಕೆಗೆ ಬರೆದು ಪ್ರಯೋಜನವಿಲ್ಲ. ಮುಂಬಯಿ ಪಾಲಿಕೆಯಲ್ಲಿ ಎ, ಬಿ, ಸಿ ಎಂದು ಅಕ್ಷರದ ಹೆಸರಿನ ಆಡಳಿತ ವಾರ್ಡುಗಳಿವೆ. ಕಾರ್ಪೊರೇಟರ್ ಆಯ್ಕೆಯಾಗುವ ವಾರ್ಡುಗಳು ಬೇರೆ, ಅವು 227. ಈ ಎರಡನ್ನೂ ಒಂದೇ ಎಂದುಕೊಂಡವರೇ ಜಾಸ್ತಿ. ಮಕ್ಕಳಿಗೂ ಇಲ್ಲೇ ಗೊಂದಲವಾಗುತ್ತದೆ, ಆದ್ದರಿಂದ ಒಂದಿಡೀ ಶನಿವಾರ ಇದಕ್ಕೇ ಕೊಟ್ಟೆ. ಪ್ರತಿಯೊಬ್ಬರೂ ತಮ್ಮ ಎರಡೂ ವಾರ್ಡುಗಳನ್ನು ಬರೆದು ಗೋಡೆಗೆ ಅಂಟಿಸಿದರು.

ನಾವು ಈ ತರಬೇತಿ ಮಾಡಿದ ಕಾಲದಲ್ಲಿ ಪಾಲಿಕೆಯಲ್ಲಿ ಕಾರ್ಪೊರೇಟರೇ ಇರಲಿಲ್ಲ. 2017ರಲ್ಲಿ ಆರಿಸಿ ಬಂದವರ ಅವಧಿ 2022ರ ಮಾರ್ಚ್‌ನಲ್ಲಿ ಮುಗಿದು, ಪಾಲಿಕೆ ಆಡಳಿತಾಧಿಕಾರಿಯ ಕೈಗೆ ಹೋಗಿತ್ತು. ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಆಗಬೇಕು ಎಂದು ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತದೆ. 'ಪುಸ್ತಕದಲ್ಲಿ ಹೀಗಿದೆ, ಹೊರಗೆ ಹಾಗಿದೆ, ಮಕ್ಕಳು ಕೇಳಿದರೆ ಏನು ಹೇಳುವುದು ಮಾರಾಯ್ರೆ?' ಎಂದು ನಮ್ಮ ವಿಜ್ಞಾನದ ಶಿಕ್ಷಕರು ಕೇಳಿದರು. ಎರಡನ್ನೂ ಹೇಳಬೇಕು ಎಂದೆ. ನಿಯಮ ಏನು, ಈಗ ಇರುವುದು ಏನು, ಎರಡೂ ಸತ್ಯ. ಯಾವ ಪಕ್ಷದಿಂದ ಹೀಗಾಯಿತು ಎಂಬ ಅಭಿಪ್ರಾಯವನ್ನು ಮಾತ್ರ ಶಿಕ್ಷಕರು ತರಗತಿಗೆ ತರಬಾರದು.

ಈ ರಾಜಕೀಯದ ಹೆದರಿಕೆ ಎಲ್ಲರಲ್ಲೂ ಇತ್ತು. ನಾಳೆ ಯಾರಾದರೂ ಬಂದು ಗಲಾಟೆ ಮಾಡಿದರೆ? ಹೊರರಾಜ್ಯದ ಭಾಷೆಯ ಶಾಲೆ ನಮ್ಮದು, ಸುಮ್ನೆ ಯಾಕೆ ಮೈಮೇಲೆ ಎಳೆದುಕೊಳ್ಳುವುದು? ಈ ಮಾತನ್ನು ನಾನು ತಳ್ಳಿಹಾಕಲಿಲ್ಲ. ಅದರ ಹಿಂದೆ ವರ್ಷಗಳ ಅನುಭವ ಇದೆ. ಎಲ್ಲರೂ ಕೂತು ಗೆರೆ ಎಳೆದೆವು. ಸಮಸ್ಯೆಯ ಬಗ್ಗೆ ಮಾತಾಡಬಹುದು, ಪಕ್ಷದ ಬಗ್ಗೆ ಬೇಡ. ಪತ್ರ ಹುದ್ದೆಗೆ ಹೋಗಬೇಕು, ವ್ಯಕ್ತಿಗೆ ಅಲ್ಲ. ಯಾವ ನಾಯಕರ ಜೊತೆಗೂ ಫೋಟೋ ಇಲ್ಲ. ಪಾಲಕರ ಒಪ್ಪಿಗೆ ಪತ್ರ ಇಲ್ಲದೆ, ಜೊತೆಗೆ ಶಿಕ್ಷಕರಿಲ್ಲದೆ ಯಾವ ಮಗುವೂ ಯಾವ ಕಚೇರಿಗೂ ಹೋಗಬಾರದು. ಇದನ್ನು ಬರೆದು ಟ್ರಸ್ಟಿನವರ ಸಹಿ ಹಾಕಿಸಿದೆವು. ಸಹಿ ಬಿದ್ದ ಮೇಲೆ ಶಿಕ್ಷಕರ ಮುಖದ ಕಳೆಯೇ ಬೇರೆಯಾಯಿತು.

ಅರ್ಜಿಯ ವಿಷಯಕ್ಕೆ ಬಂದಾಗ ತರಬೇತಿ ನನ್ನ ಕೈಯಿಂದ ಇನ್ನಿಬ್ಬರ ಕೈಗೆ ಹೋಯಿತು. ಇಲ್ಲಿ ಪಾಲಿಕೆಯ ವ್ಯವಹಾರ ಮರಾಠಿಯಲ್ಲಿ. ನಮ್ಮ ಮಕ್ಕಳು ಮರಾಠಿ ಕಲಿಯುತ್ತಾರೆ, ಆದರೆ ಪರೀಕ್ಷೆಗಾಗಿ ಕಲಿಯುತ್ತಾರೆ. ಮರಾಠಿ ಶಿಕ್ಷಕಿ ಒಂದು ಅರ್ಜಿಯನ್ನು ಹೇಗೆ ಶುರು ಮಾಡಬೇಕು, ವಿಷಯದ ಸಾಲಿನಲ್ಲಿ ಏನಿರಬೇಕು, ಜಾಗದ ಗುರುತು ಹೇಗೆ ಕೊಡಬೇಕು ಎಂದು ನಮಗೆಲ್ಲ ಕಲಿಸಿದರು. ಕ್ಲರ್ಕ್ ಅಣ್ಣ ಎರಡು ಪ್ರತಿ ಒಯ್ಯುವುದು, ನಮ್ಮ ಪ್ರತಿಯ ಮೇಲೆ ಅರ್ಜಿ ತಲುಪಿತು ಎನ್ನುವ ಇನ್‌ವರ್ಡ್ ಸೀಲು, ನಂಬರು, ತಾರೀಖು ಹಾಕಿಸಿಕೊಳ್ಳುವುದು ಹೇಗೆ ಎಂದು ತೋರಿಸಿದರು. ಶಿಕ್ಷಣ ಇಲಾಖೆಗೆ ವರ್ಷಗಟ್ಟಲೆ ಕಾಗದ ಒಯ್ದವರು ಅವರು. ಸೀಲು ಇಲ್ಲದ ಅರ್ಜಿ ಕೊಟ್ಟ ಹಾಗೇ ಅಲ್ಲ ಎನ್ನುವುದು ಅವರಿಂದ ಕೇಳಿದಾಗ ಬೀರುವ ಪ್ರಭಾವ ನನ್ನಿಂದ ಕೇಳಿದರೆ ಬೀರುವುದಿಲ್ಲ. ಮಾಹಿತಿ ಹಕ್ಕಿನ ಅರ್ಜಿಯನ್ನೂ ಅಭ್ಯಾಸಕ್ಕೆ ಬರೆದೆವು. ಮಹಾರಾಷ್ಟ್ರದಲ್ಲಿ ಶುಲ್ಕ 10 ರೂಪಾಯಿ, ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ, 30 ದಿನದಲ್ಲಿ ಉತ್ತರ. 150 ಪದದೊಳಗೆ ಕೇಳಬೇಕಾದ್ದನ್ನು ಕೇಳುವುದು ಶಿಕ್ಷಕರಿಗೇ ಬೆವರಿಳಿಸಿತು.

ಎಲ್ಲಕ್ಕಿಂತ ಹೆಚ್ಚು ಚರ್ಚೆಯಾದದ್ದು ಅಂಕ ಕೊಡುವುದರ ಬಗ್ಗೆ. ನಾನು ಇಬ್ಬರು ವಿದ್ಯಾರ್ಥಿಗಳು ಬರೆದಂತೆ ಎರಡು ಮಾದರಿ ವರದಿ ತಯಾರು ಮಾಡಿದ್ದೆ. ಒಂದರಲ್ಲಿ ಅಕ್ಷರ ಮುತ್ತಿನಂತಿದೆ, ಭಾಷೆ ಚೆಂದ, ಸ್ವಚ್ಛತೆಯ ಮೇಲೆ ಒಳ್ಳೊಳ್ಳೆ ಮಾತುಗಳಿವೆ. ಆದರೆ ಆ ಮಗು ಯಾರನ್ನೂ ಕೇಳಿಲ್ಲ, ಎಲ್ಲಿಗೂ ಹೋಗಿಲ್ಲ. ಇನ್ನೊಂದರಲ್ಲಿ ಕಾಗುಣಿತ ತಪ್ಪು ತುಂಬಾ. ಆದರೆ ಈ ಮಗು ಚಾಳಿನ ಹೆಂಗಸರಿಗೆ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತು ಬರುತ್ತದೆ ಎಂದು ಒಬ್ಬೊಬ್ಬರನ್ನೇ ಕೇಳಿ ಬರೆದಿದೆ, ಅರ್ಜಿ ಕೊಟ್ಟಿದೆ, ಉತ್ತರ ಬರದಾಗ ಮತ್ತೆ ಹೋಗಿ ಕೇಳಿದೆ. ಹೆಸರು ಹೇಳದೆ ಎಲ್ಲರಿಗೂ ಹಂಚಿ ಅಂಕ ಹಾಕಿ ಎಂದೆ. ಮೊದಲ ವರದಿಗೆ ಹೆಚ್ಚಿನವರು ಪೂರ್ತಿ ಅಂಕ ಕೊಟ್ಟರು. ಎರಡನೆಯದಕ್ಕೆ ಒಬ್ಬೊಬ್ಬರದು ಒಂದೊಂದು ಲೆಕ್ಕ.

ಕೆಲಸವೇ ಆಗಲಿಲ್ಲವಲ್ಲ, ನೀರು ಬರಲಿಲ್ಲವಲ್ಲ ಎಂದು ಕೆಲವರ ವಾದ. ಆಗ ವಿಜ್ಞಾನದ ಶಿಕ್ಷಕರೇ ಎದ್ದು ನಿಂತರು. ಪ್ರಯೋಗದ ಫಲಿತಾಂಶ ಸರಿ ಬರದಿದ್ದರೂ ವಿಧಾನ ಸರಿ ಇದ್ದು ಜರ್ನಲ್‌ನಲ್ಲಿ ಇದ್ದದ್ದು ಇದ್ದ ಹಾಗೆ ಬರೆದರೆ ನಾನು ಅಂಕ ಕೊಡುತ್ತೇನೆ, ಇಲ್ಲೂ ಹಾಗೇ ಮಾಡಬೇಕು ಎಂದರು. ಅದಾದ ಮೇಲೆ ಚರ್ಚೆ ದಾರಿಗೆ ಬಂತು. ಯಾರ ಜವಾಬ್ದಾರಿ ಎಂದು ಸರಿಯಾಗಿ ಕಂಡುಹಿಡಿದದ್ದಕ್ಕೆ, ತೊಂದರೆ ಪಡುವವರನ್ನೇ ಮಾತಾಡಿಸಿದ್ದಕ್ಕೆ, ಸೀಲು ಬಿದ್ದ ಅರ್ಜಿಗೆ, ಬೆನ್ನು ಹತ್ತಿದ್ದಕ್ಕೆ, ಕೊನೆಗೆ ತನ್ನ ಮಾತಿನಲ್ಲಿ ಬರೆದದ್ದಕ್ಕೆ ಅಂಕ. ಫಲಿತಾಂಶಕ್ಕೆ ಅಂಕವಿಲ್ಲ. ಕಾಗುಣಿತಕ್ಕೂ ಇಲ್ಲ. ಅಂಕ ಬೇಕೆಂದರೆ ಪರಿಚಯದವರಿಂದ ಕೆಲಸ ಮಾಡಿಸಿಕೊಂಡು ಬರುವ ದಾರಿ ಇದರಿಂದ ಮುಚ್ಚಿತು. ಪ್ರಭಾವ ಇರುವ ಮನೆಯ ಮಗುವಿಗೂ ನಾಕಾದಲ್ಲಿ ನಿಂತು ದಿನಗೂಲಿ ಹುಡುಕುವ ನಾಕಾ ಕಾರ್ಮಿಕರ ಮಗುವಿಗೂ ಒಂದೇ ಅಳತೆ. ಈ ಇಡೀ ತರಬೇತಿಯಲ್ಲಿ ನನಗೆ ಅತಿ ಮುಖ್ಯ ಎನಿಸಿದ್ದು ಇದೇ. ಆಮೇಲೆ ಹೊಸ ಮಾದರಿಗಳನ್ನು ಕೊಟ್ಟು, ಅಂಕಗಳು ಹತ್ತಿರ ಹತ್ತಿರ ಬರುವ ತನಕ ಬಿಡಲಿಲ್ಲ. ಈಗಲೂ ಪ್ರತಿ ವರದಿಯನ್ನು ಇಬ್ಬರು ನೋಡುತ್ತಾರೆ. ಅವರಲ್ಲಿ ಯಾರೂ ಆ ಮಗುವಿನ ತರಗತಿ ಶಿಕ್ಷಕರಾಗಿರಬಾರದು.

ಪಾಲಕರ ಸಭೆಯನ್ನು ಭಾನುವಾರ ಇಟ್ಟೆವು, ಬೇರೆ ದಿನ ಅವರಿಗೆ ಕೂಲಿ ತಪ್ಪುತ್ತದೆ. ಅಲ್ಲಿ ಬಂದ ಪ್ರಶ್ನೆಗಳಲ್ಲಿ ಮತದಾರರ ಪಟ್ಟಿಯದ್ದೇ ಜಾಸ್ತಿ. ಹೆಸರು ಊರಲ್ಲಿದೆ, ಇರುವುದು ಇಲ್ಲಿ. ವಿಳಾಸ ಬದಲಿಸಲು ಫಾರ್ಮ್ 8, ಹೊಸದಾಗಿ ಸೇರಲು ಫಾರ್ಮ್ 6, ಒಬ್ಬರ ಹೆಸರು ಒಂದೇ ಕಡೆ ಇರಬೇಕು ಎಂದು ನಮ್ಮ ಸಿಪಾಯಿಯೇ ವಿವರಿಸಿದರು. ತರಬೇತಿಯ ಕಾಲದಲ್ಲಿ ತಮ್ಮ ಮನೆಯವರದ್ದನ್ನು ಅವರೇ ಮಾಡಿಸಿದ್ದರು. ಎಲ್ಲಿ ಇಟ್ಟುಕೊಳ್ಳುವುದು ಎನ್ನುವುದು ಅವರವರಿಗೆ ಬಿಟ್ಟದ್ದು, ಅದರಲ್ಲಿ ನಾವು ಸಲಹೆ ಕೊಡುವುದಿಲ್ಲ.

ಈಗ ಇದಕ್ಕೊಂದು ರಿಜಿಸ್ಟರ್ ಇದೆ. ಯಾವ ಅರ್ಜಿ, ಯಾವ ಕಚೇರಿ, ಇನ್‌ವರ್ಡ್ ನಂಬರು, ಮುಂದೇನಾಯಿತು ಎಂದು ಬರೆಯುತ್ತೇವೆ. ಮಗು ಹತ್ತನೇ ತರಗತಿಗೆ ಹೋದರೆ ಅದರ ಅರ್ಜಿಯನ್ನು ಮುಂದಿನ ಬ್ಯಾಚಿನವರು ಮುಂದುವರಿಸಬಹುದು, ಅವರಿಗೂ ಅಂಕ ಉಂಟು. ಹೊಸ ಶಿಕ್ಷಕರು ಸೇರಿದರೆ ಅವರೂ ಮೊದಲು ತಮ್ಮದೊಂದು ಅರ್ಜಿ ಕೊಟ್ಟು ಆ ರಿಜಿಸ್ಟರಿನಲ್ಲಿ ಬರೆಯಬೇಕು. ಆಮೇಲೆಯೇ ಮಕ್ಕಳ ವರದಿ ಅವರ ಕೈಗೆ ಹೋಗುವುದು.